ಬಾಗಿಲಿಲ್ಲದ ಗೋರಿ, ಎಲ್ಲರ ತೋಟ

ಔರಾದದಿಂದ ಬೀದರಿಗೆ ಬಂದಾಗಲೆಲ್ಲ ಅಜ್ಜ ನನ್ನನ್ನು ಬರೀದ್ ಶಾಹಿ ಉದ್ಯಾನಕ್ಕೆ ಕರೆದೊಯ್ಯುತ್ತಿದ್ದ. ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತ, "ಇದು ಬಾದಶಾನ ಮನಿತನದ ಜಾಗ ಇತ್ತು. ಈಗ ನಮ್ದೂ ಅದ, ಕುಂದ್ರು" ಅನ್ನುತ್ತಿದ್ದ. ಆ 'ಈಗ' ಎಂಬ ಮಾತಿನ ಹಿಂದೆ ಎಷ್ಟು ಶತಮಾನಗಳಿವೆ ಎಂಬುದು ತಿಳಿದದ್ದು ನಾನು ಸಂಶೋಧನೆಗೆ ಕುಳಿತ ಮೇಲೆ.

ಬರೀದರು ಮೊದಲು ಬಹಮನಿ ಸುಲ್ತಾನರ ಮಂತ್ರಿಗಳು. ಆ ಮನೆತನದಲ್ಲಿ 'ಶಾಹ' ಎಂಬ ಬಿರುದನ್ನು ಮೊದಲು ಧರಿಸಿದವನು 1542ರಲ್ಲಿ ಪಟ್ಟಕ್ಕೆ ಬಂದ ಅಲಿ ಬರೀದ್. 1565ರ ತಾಳಿಕೋಟೆ ಕದನದಲ್ಲಿ ಅವನ ಸೈನ್ಯವೂ ಇತ್ತು. ಕೋಟೆಯೊಳಗಿನ ರಂಗೀನ್ ಮಹಲಿಗೆ ಹೊಸ ಮೆರುಗು ಕೊಟ್ಟವನೂ ಅವನೇ. ಅವನು 1577ರ ಹೊತ್ತಿಗೆ, ತಾನು ಬದುಕಿರುವಾಗಲೇ, ಊರ ಪಶ್ಚಿಮಕ್ಕೆ ನಾಲ್ಕು ಭಾಗದ ತೋಟದ ನಡುವೆ ತನ್ನ ಗೋರಿ ಕಟ್ಟಿಸಿಕೊಂಡ.

ಅಷ್ಟೂರಿನಲ್ಲಿರುವ ಅಹಮದ್ ಶಾಹ ಬಹಮನಿಯ ಗೋರಿಯೊಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲಷ್ಟೇ ಚಿತ್ತಾರ ಕಾಣುತ್ತದೆ. ಅಲಿ ಬರೀದನ ಗೋರಿಗೆ ನಾಲ್ಕೂ ಕಡೆ ದೊಡ್ಡ ಕಮಾನು, ಬಾಗಿಲೇ ಇಲ್ಲ. ಕರಿಕಲ್ಲಿನ ಸಮಾಧಿಯ ಮೇಲೆ ಬಿಸಿಲು, ಗಾಳಿ, ಪಾರಿವಾಳ ಎಲ್ಲಕ್ಕೂ ಪ್ರವೇಶ. ಗೋಡೆಯ ಹಂಚುಗಳಲ್ಲಿ ಪರ್ಷಿಯನ್ ಕವಿ ಅತ್ತಾರನ ಸಾಲುಗಳಿವೆ.

1619ರಲ್ಲಿ ಬಿಜಾಪುರದ ಆದಿಲಶಾಹಿಗಳು ಬೀದರನ್ನು ಗೆದ್ದರು. ತೋಟದ ಒಡೆತನದ ಮನೆತನವೇ ಮುಗಿಯಿತು. ಮುಂದೆ 1657ರಲ್ಲಿ ಔರಂಗಜೇಬ, ಆಮೇಲೆ ನಿಜಾಮರು, 1956ರಲ್ಲಿ ಮೈಸೂರು ರಾಜ್ಯ. ಒಡೆಯರು ಬದಲಾಗುತ್ತಲೇ ಇದ್ದರು. ಬೆಂಗಳೂರಿನ ಲಾಲ್‌ಬಾಗಿನ ಕತೆ ಬೇರೆ: ಹೈದರಾಲಿಯ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದಕ್ಕೆ ಗಿಡ ತಂದವರ, ಗಾಜಿನಮನೆ ಕಟ್ಟಿಸಿದವರ ಹೆಸರುಗಳೆಲ್ಲ ದಾಖಲೆಯಲ್ಲಿವೆ. ನಮ್ಮ ಬೀದರಿನ ತೋಟವನ್ನು ಸಾರ್ವಜನಿಕವಾಗಿಸಿದ್ದು ಬೆಳಗಿನ ನಡಿಗೆಯವರು, ಬಸ್ಸು ಕಾಯುವವರು, ಬುತ್ತಿ ಬಿಚ್ಚುವವರು.

ಗೋಡೆಯ ಮೇಲೆ ಗೀಚಿದ ಹೆಸರು ಕಂಡಾಗ ನನ್ನೊಳಗಿನ ಸಂಶೋಧಕ ಬೇಲಿ ಬೇಕೆನ್ನುತ್ತಾನೆ. ಒಮ್ಮೆ ಬಿದ್ದ ಹಂಚು ಮತ್ತೆ ಹುಟ್ಟುವುದಿಲ್ಲ. ಆದರೆ ಬೇಲಿ ಹಾಕಿದರೆ ಮೊದಲು ಹೊರಗುಳಿಯುವವನು ಅಜ್ಜನಂಥವನೇ. ಗೀಚುವ ಕೈಯನ್ನು ತಡೆಯಬೇಕು, ಕೂರಲು ಬಂದವರನ್ನಲ್ಲ. 'ನಮ್ದು' ಅಂದುಕೊಂಡವರೇ ಕಾಯಬೇಕು ಎಂಬುದನ್ನು ಶಾಲೆಯ ಮಕ್ಕಳಿಗೆ ಆ ಕಮಾನಿನ ಕೆಳಗೇ ನಿಲ್ಲಿಸಿ ಹೇಳಬೇಕು.

ಹೋದ ತಿಂಗಳು ಟಿಪ್ಪಣಿ ಪುಸ್ತಕ ಹಿಡಿದು ಅಲ್ಲಿಗೆ ಹೋಗಿದ್ದೆ. ನೆರಳಿನಲ್ಲಿ ಒಂದು ಕುಟುಂಬ ರೊಟ್ಟಿ ತಿನ್ನುತ್ತಿತ್ತು. "ಬರ್ರಿ, ಕುಂದ್ರಿ" ಅಂದರು. ಕುಳಿತೆ.