ಗ್ರಂಥಸೂಚನೆ: ಯಮಕನಮರಡಿ ಸೀಮೆಯಲ್ಲಿ

ತಾನು ಓದಿ ಮೆಚ್ಚಿದ ಕೃತಿಯನ್ನೂ ಅದರ ಕರ್ತೃವನ್ನೂ ಓದುಗನೊಬ್ಬನು ಮತ್ತೊಬ್ಬನಿಗೆ ಹೆಸರಿಸಿ, ಅವನೂ ಅದನ್ನು ಓದುವಂತೆ ಪ್ರೇರಿಸುವ ವ್ಯವಹಾರಕ್ಕೆ ಗ್ರಂಥಸೂಚನೆ ಎನ್ನಬಹುದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿಗೆ ಸೇರಿದ ಯಮಕನಮರಡಿಯನ್ನೂ, ನೆರೆಯ ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳನ್ನೂ ಒಳಗೊಂಡ ಘಟಪ್ರಭೆಯ ಈ ಸೀಮೆಯಲ್ಲಿ ಆ ವ್ಯವಹಾರವು ಬಹುಕಾಲ ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನೇ ಅವಲಂಬಿಸಿ ನಡೆಯಿತು. ಪುಸ್ತಕವನ್ನು ಹೊಗಳಿದವನೇ ಅದನ್ನು ಹೊತ್ತು ತಂದು, ನಾಲ್ಕು ಜನರ ನಡುವೆ ಕುಳಿತು ಓದಿ ಕೇಳಿಸುವ ಹೊಣೆಯನ್ನೂ ಹೊರಬೇಕಾಗಿದ್ದಿತು; ಇಲ್ಲಿಯ ವಾಚನಸಂಸ್ಕೃತಿಯ ಹಿರಿಮೆ ಈ ಹೊಣೆಯಲ್ಲಿಯೇ ಇದೆ.

ಕನ್ನಡದಲ್ಲಿ ಗ್ರಂಥಸೂಚನೆಯು ಸಾಹಿತ್ಯದಷ್ಟೇ ಪುರಾತನವಾದದ್ದು. ಉಪಲಬ್ಧ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯಕರ್ತರನ್ನು ಆದರದಿಂದ ಹೆಸರಿಸುತ್ತದೆ. ಅವರ ಕೃತಿಗಳು ಅಳಿದುಹೋದರೂ ಗದ್ಯಕರ್ತರೆಂಬ ಅವರ ಹೆಸರು ಉಳಿದುಬಂದದ್ದು ಬಹುಮಟ್ಟಿಗೆ ಈ ಮೆಚ್ಚುಗೆಯ ಉಲ್ಲೇಖದಿಂದ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಅದೇ ಗ್ರಂಥವು ಹೇಳುವ ಒಕ್ಕುಂದವು ಇಂದಿನ ಬೆಳಗಾವಿ ಜಿಲ್ಲೆಯಲ್ಲಿಯೇ ಇದೆಯೆಂಬುದು ಈ ಸೀಮೆಯವರಿಗೆ ಸಲ್ಲುವ ಅಭಿಮಾನ. ಪೂರ್ವಕವಿಗಳನ್ನು ಸ್ಮರಿಸದೆ ಕಾವ್ಯಾರಂಭ ಮಾಡಲೊಲ್ಲದ ಪದ್ಧತಿಯು ಮುಂದೆ ನೆಲೆಗೊಂಡಿತು. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಹಲವು ಕವಿಗಳ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು. ಆದರೆ ಇವರೆಲ್ಲರಿಗಿಂತಲೂ ದೊಡ್ಡ ಸೂಚಕಿಯೆಂದು ಎಣಿಸತಕ್ಕವಳು ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ವು ಮರೆಯಾಗಬಾರದೆಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆಕೆಯ ಔದಾರ್ಯವು, ಓಲೆಗರಿಯ ಮೇಲೆ ಕಂಟದಿಂದ ಒಂದೊಂದಕ್ಷರವನ್ನೂ ಕೊರೆಯಬೇಕಾಗಿದ್ದ ಕಾಲದಲ್ಲಿ ಎಂತಹ ಸಾಹಸವಾಗಿದ್ದಿತೆಂಬುದನ್ನು ಊಹಿಸಿದರೆ ಮನಸ್ಸು ಬಾಗುತ್ತದೆ. ಆಕೆಯ ಆಶ್ರಯದಲ್ಲಿ 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನನ ಹುಟ್ಟೂರು, ಗೋಕಾಕದಿಂದ ಇಳಿದ ಘಟಪ್ರಭೆಯು ಮುಂದೆ ಹಾಯುವ ನಾಡಿನ ಮುಧೋಳ.

ಹಳ್ಳಿಗಳಲ್ಲಿ ಗ್ರಂಥವು ಜನರಿಗೆ ದೊರೆತದ್ದು ಮುಖ್ಯವಾಗಿ ಮಠ ಮತ್ತು ಗುಡಿಗಳ ಮೂಲಕ. ಶ್ರಾವಣ ಬಂದಿತೆಂದರೆ ಪುರಾಣ ಹಚ್ಚುವುದು ಈ ಸೀಮೆಯ ವಾಡಿಕೆ. ಒಬ್ಬರು ಪದ್ಯವನ್ನು ರಾಗವಾಗಿ ಓದುವರು, ಮತ್ತೊಬ್ಬರು ಅರ್ಥ ಹೇಳುವರು, ಹೊಲದ ಕೆಲಸ ಮುಗಿಸಿ ಬಂದವರು ಕಂಬಕ್ಕೊರಗಿ ಕೇಳುವರು. ತಿಂಗಳ ಕೊನೆಗೆ ಪುರಾಣದ ಮಂಗಲವಾಗುವುದು. ಈ ವರ್ಷ ‘ಬಸವಪುರಾಣ’ವೋ ‘ಪ್ರಭುಲಿಂಗಲೀಲೆ’ಯೋ ಎಂದು ದೈವದವರು, ಎಂದರೆ ಊರ ಹಿರಿಯರು, ಕುಳಿತು ನಿರ್ಣಯಿಸುವ ಆ ಚರ್ಚೆಯು, ಅಕ್ಷರ ಬಾರದವರೂ ಭಾಗಿಗಳಾಗಬಹುದಾಗಿದ್ದ ಗ್ರಂಥವಿಮರ್ಶೆಯೇ ಆಗಿದ್ದಿತು. ಅಂತೆಯೇ ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ಕುಲಗೋಡ ತಮ್ಮಣ್ಣನು ಬಯಲಾಟಕ್ಕೆ ಅಳವಡಿಸಿದ ಬಳಿಕ, ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರ ಕಂಠದಿಂದ ಒಂದು ಕೃತಿಯು ಊರೂರಿಗೆ ಪರಿಚಿತವಾಯಿತು. ಮೆಚ್ಚಿದ ಗ್ರಂಥವನ್ನು ಕುಣಿದು ಹಾಡಿ ದಾಟಿಸಿದ ಈ ರೀತಿಯನ್ನು ಗ್ರಂಥಸೂಚನೆಯ ಚರಿತ್ರೆಯಿಂದ ಹೊರಗಿಡುವುದು ನ್ಯಾಯವಲ್ಲ.

ಮುದ್ರಣವು ಬಂದ ಮೇಲೆಯೂ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಮರಾಠಿಯ ಪ್ರಾಬಲ್ಯದಿಂದಾಗಿ, ಕನ್ನಡ ಪುಸ್ತಕಕ್ಕೆ ಓದುಗನನ್ನು ಹುಡುಕುವ ಕಾರ್ಯವು ವ್ರತದಂತೆ ನಡೆಯಬೇಕಾಯಿತು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಗ್ರಂಥಗಳಿಗೆ ಪ್ರೋತ್ಸಾಹ ಕೊಟ್ಟಿತು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಓದಿ, ಇವು ನಮ್ಮವರಿಗೂ ದೊರೆಯಬೇಕೆಂದು ಕನ್ನಡಕ್ಕೆ ತಂದರು. ತಂದು ಸುಮ್ಮನಾಗದೆ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಕನ್ನಡಿಗರು ಇಂದಿಗೂ ಕೃತಜ್ಞತೆಯಿಂದ ನೆನೆಯುವ ಸಂಗತಿ. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಕಟ್ಟುಗಳಿಂದ ಸಂಗ್ರಹಿಸಿದ ವಚನಗಳ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಅಚ್ಚಾದದ್ದು ಬೆಳಗಾವಿಯಲ್ಲಿ.

ಗೋಕಾಕ ಸೀಮೆಯ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ಬೆಟಗೇರಿ ಕೃಷ್ಣಶರ್ಮರು, ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದು, ‘ಜಯಂತಿ’ ಮಾಸಪತ್ರಿಕೆಯನ್ನು ನಡೆಸಿದರು. ಬರೆದುದನ್ನು ಪರಸ್ಪರ ಓದಿ ಕೇಳಿಸಿ, ಮೆಚ್ಚಿದ್ದನ್ನು ಮನಸಾರೆ ಮೆಚ್ಚುವುದೇ ಆ ಗುಂಪಿನ ಜೀವಾಳವಾಗಿದ್ದಿತು. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ವಿಶ್ವಾಸದ ಮೇಲೆ ನಿಂತಿತು: ಯಾವ ಪುಸ್ತಕ ಬರುವುದೆಂದು ತಿಳಿಯುವ ಮುನ್ನವೇ ಹಣ ಕೊಡುವ ಓದುಗನು, ಪ್ರಕಾಶಕನ ಅಭಿರುಚಿಯನ್ನೇ ಸೂಚನೆಯೆಂದು ಸ್ವೀಕರಿಸಿದ್ದನು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ಯು ತನ್ನ ಪುಸ್ತಕ ವಿಭಾಗದಲ್ಲಿ ದೇಶವಿದೇಶದ ಗ್ರಂಥಗಳ ಸಂಗ್ರಹರೂಪವನ್ನು ಕೊಟ್ಟು, ಪಟ್ಟಣದ ಗ್ರಂಥಾಲಯವನ್ನು ಕಾಣದವರಿಗೂ ಹೊರಗಿನ ಲೇಖಕರನ್ನು ಪರಿಚಯಿಸಿತು.

ಇದೇ ಅವಧಿಯಲ್ಲಿ ಗೋಕಾಕದಲ್ಲಿ ಅಧ್ಯಾಪಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳು ಹೆಣ್ಣುಮಕ್ಕಳ ಪ್ರೀತಿಯನ್ನು ಗಳಿಸಿದವು. ವಿಮರ್ಶಕರು ಅವುಗಳಿಗೆ ಕೊಟ್ಟ ಸ್ಥಳ ಸ್ವಲ್ಪವೇ. ಆದರೆ ಓದನ್ನು ಅಡಿಗೆಮನೆಯವರೆಗೆ ಒಯ್ದ ಲೇಖಕನನ್ನು ಲಘುವಾಗಿ ಕಾಣುವುದು ಸರಿಯಲ್ಲ. ಗೋಕಾಕ ತಾಲ್ಲೂಕಿನವರೇ ಆದ ಬಸವರಾಜ ಕಟ್ಟೀಮನಿಯವರು ಶೋಷಿತರ ಬಾಳನ್ನು ಕಾದಂಬರಿಗೆ ತಂದು, 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿ, ಬಡತನದಿಂದ ನಿಂತುಹೋಗುತ್ತಿದ್ದ ಓದನ್ನು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳ ಆಶ್ರಯದಲ್ಲಿ ಗೋಕಾಕದಲ್ಲಿ ಮುಂದುವರಿಸಿದ ಚಂದ್ರಶೇಖರ ಕಂಬಾರರ ಮೆಚ್ಚಿನ ಲೇಖಕರಲ್ಲಿ ಬಸವಣ್ಣ, ಕುಮಾರವ್ಯಾಸ, ಕುವೆಂಪು, ಅಡಿಗರೊಡನೆ ಷೇಕ್ಸ್‌ಪಿಯರ್, ಯೇಟ್ಸ್, ಲೋರ್ಕಾ ಸೇರಿದ್ದಾರೆ. ಪುರಾಣ ಮತ್ತು ಬಯಲಾಟಗಳನ್ನು ಕೇಳಿ ಪಳಗಿದ ಕಿವಿಗೆ ಸ್ಪೇನಿನ ಕವಿಯು ಪರಕೀಯನೆನಿಸದಿದ್ದುದು ಸಹಜವೇ.

1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ತರುವಾಯ ಪುಸ್ತಕಗಳನ್ನು ಆಯ್ದು ಜನರಿಗೆ ಒದಗಿಸುವ ಭಾರವನ್ನು ಸರ್ಕಾರವೂ ವಹಿಸಿಕೊಂಡಿತು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆನಿಸಿವೆ; 2020ರಲ್ಲಿ ಮೊದಲಾದ ‘ಓದುವ ಬೆಳಕು’ ಕಾರ್ಯಕ್ರಮವು ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಕರೆತರುವ ಉದ್ದೇಶದ್ದು.