ಸುಗ್ಗಿ ಕೊಯ್ದ ಗದ್ದೆಯಲ್ಲಿ ಚೋಮ

ಪೊಳಲಿ ಎಂದೊಡನೆ ನಮ್ಮ ಸೀಮೆಯ ಜನರಿಗೆ ಮೊದಲು ನೆನಪಾಗುವುದು ಚೆಂಡು. ಫಲ್ಗುಣಿ ನದಿಯ ದಡದಲ್ಲಿರುವ ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆ ಮಾರ್ಚ್ ತಿಂಗಳ ನಡುವೆ ಆರಂಭವಾಗಿ ಸುಮಾರು ಒಂದು ತಿಂಗಳು ನಡೆಯುತ್ತದೆ. ಆ ಜಾತ್ರೆಯಲ್ಲಿ ಐದು ದಿನ ಗದ್ದೆಗಿಳಿದು ಆಡುವ ಚೆಂಡಾಟವನ್ನು ನೋಡಲು ಬಂಟ್ವಾಳ, ಮೂಡುಬಿದಿರೆ, ಮಂಗಳೂರು ಕಡೆಗಳಿಂದ ಜನ ಸೇರುತ್ತಾರೆ. ಚರ್ಮದ ಆ ಚೆಂಡನ್ನು ಮೂಡುಬಿದಿರೆಯ ಚಮ್ಮಾರ ಕುಟುಂಬವೊಂದು ಹೊಲಿದು ಕೊಡುವುದು ಹಿಂದಿನಿಂದ ನಡೆದುಬಂದ ರೂಢಿ. ಹೊಲಿಯುವ ಆ ಕೈಗಳಿಗೂ ಚೆಂಡು ಉರುಳುವ ಗದ್ದೆಗೂ ನಡುವೆ ಎಷ್ಟು ದೂರವಿತ್ತು ಎಂಬುದು ಈ ಪರಿಸರದ ನನ್ನ ವಯಸ್ಸಿನ ಅನೇಕರಿಗೆ ಪಾಠಪುಸ್ತಕದಿಂದ ತಿಳಿದದ್ದಲ್ಲ. ಬೇಸಗೆಯ ರಾತ್ರಿ ಬಯಲಿನಲ್ಲಿ ಕಂಡ ಒಂದು ಸಿನೆಮಾದಿಂದ ತಿಳಿದದ್ದು. ಆ ಬಯಲು ಪ್ರದರ್ಶನಗಳ ಚರಿತ್ರೆಯನ್ನೂ ಆ ಒಂದು ಚಿತ್ರದ ವಿಚಾರವನ್ನೂ ಜೊತೆಯಾಗಿಯೇ ಹೇಳಬೇಕಾಗಿದೆ.

ಬಯಲು ಸಿನೆಮಾಕ್ಕೆ ಮೊದಲು ಬೇಕಾದದ್ದು ಬಯಲು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಗುಡ್ಡ ಕಣಿವೆಗಳಿಂದ ತುಂಬಿದ ನಮ್ಮ ಜಿಲ್ಲೆಯಲ್ಲಿ ಸಮತಟ್ಟಾದ ನೆಲವೆಂದರೆ ಗದ್ದೆಯೇ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳಿದ್ದರೂ ಮೂರನೆಯದು ನೀರಾಶ್ರಯವುಳ್ಳ ಬೈಲುಗದ್ದೆಗಳಿಗೆ ಮಾತ್ರ ಸೀಮಿತ. ಉಳಿದ ಗದ್ದೆಗಳು ಸುಗ್ಗಿಯ ಕೊಯ್ಲಾದ ಮೇಲೆ ಒಣಗಿ, ಬಿರುಕು ಬಿಟ್ಟು, ಜೂನ್ ತಿಂಗಳ ಮಳೆಯನ್ನು ಕಾಯುತ್ತಾ ಬಿದ್ದಿರುತ್ತಿದ್ದವು. ಕೋಲ, ನೇಮ, ಯಕ್ಷಗಾನ ಎಲ್ಲಕ್ಕೂ ಅದೇ ಕಾಲ, ಅದೇ ನೆಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಸಿನೆಮಾದ ಪರದೆಯೂ ಈ ಪಂಚಾಂಗಕ್ಕೆ ತಲೆಬಾಗಲೇಬೇಕಾಗಿತ್ತು. ಶಾಲೆಗಳಿಗೆ ರಜೆ, ಆಕಾಶದಲ್ಲಿ ಮೋಡವಿಲ್ಲ, ಮನೆಯೊಳಗೆ ಸೆಕೆ: ಜನ ಹೊರಗೆ ಬರಲು ಇನ್ನೇನು ಕಾರಣ ಬೇಕು?

ಈ ಪರದೆ ದಕ್ಷಿಣ ಭಾರತದ ಹಳ್ಳಿಗಳಿಗೆ ಬಂದ ಬಗೆ ಕ್ರೈಸ್ತ ಓದುಗರಿಗೆ ಕುತೂಹಲಕರವಾದುದು. ತಿರುಚಿರಾಪಳ್ಳಿಯ ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ ಸ್ವಾಮಿಕಣ್ಣು ವಿನ್ಸೆಂಟ್ ಎಂಬ ಕ್ರೈಸ್ತ ತರುಣ 1905ರಲ್ಲಿ ಡುಪಾಂಟ್ ಎಂಬ ಫ್ರೆಂಚ್ ಪ್ರದರ್ಶಕನಿಂದ ಯಂತ್ರವನ್ನೂ ಕೆಲವು ಮೂಕಿ ಚಿತ್ರಗಳನ್ನೂ ಕೊಂಡುಕೊಂಡ. ನೌಕರಿ ಬಿಟ್ಟು, ಡೇರೆ ಕಟ್ಟಿಕೊಂಡು ಊರೂರು ಸುತ್ತಿದ. ಅವನ ಪೆಟ್ಟಿಗೆಯಲ್ಲಿದ್ದ ಮುಖ್ಯ ಚಿತ್ರ ಯೇಸುಸ್ವಾಮಿಯ ಜೀವನವನ್ನು ಕುರಿತದ್ದು. ಹಲವು ವರ್ಷಗಳ ಅಲೆದಾಟದ ಅನಂತರ 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಕಾಯಂ ಚಿತ್ರಮಂದಿರವನ್ನು ಕಟ್ಟಿಸಿದ. ಮುಂಬಯಿಯಲ್ಲಿ ದಾದಾಸಾಹೇಬ್ ಫಾಲ್ಕೆಯವರು ಚಿತ್ರ ತಯಾರಿಕೆಗೆ ಮನಸ್ಸು ಮಾಡಿದ್ದೂ ಕ್ರಿಸ್ತರ ಜೀವನದ ಚಿತ್ರವೊಂದನ್ನು ನೋಡುತ್ತಾ ಕುಳಿತಾಗಲೇ. ನಮ್ಮ ರಾಮನನ್ನೂ ಕೃಷ್ಣನನ್ನೂ ಹೀಗೆ ಕಾಣುವ ದಿನ ಯಾವಾಗ ಬರುವುದೆಂಬ ಆಲೋಚನೆ ಅವರನ್ನು ಹಿಡಿಯಿತು. 1913ರಲ್ಲಿ ಅವರ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು.

ಧರ್ಮಸಭೆ ಈ ಹೊಸ ಮಾಧ್ಯಮವನ್ನು ಆರಂಭದಲ್ಲಿ ಎಚ್ಚರಿಕೆಯಿಂದಲೇ ನೋಡಿತು. 1936ರಲ್ಲಿ ವಿಶ್ವಗುರು ಹನ್ನೊಂದನೆಯ ಪಯಸ್ ಅವರು ‘ವಿಜಿಲಾಂತಿ ಕೂರಾ’ ಎಂಬ ವಿಶ್ವಪತ್ರದಲ್ಲಿ ಚಲನಚಿತ್ರದ ಪ್ರಭಾವವನ್ನು ಒಪ್ಪಿಕೊಂಡು ಅದರ ಅಪಾಯಗಳನ್ನು ಎತ್ತಿ ತೋರಿದರು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ‘ಇಂತೆರ್ ಮಿರಿಫಿಕಾ’ದ ಹೊತ್ತಿಗೆ ಧ್ವನಿ ಬದಲಾಗಿತ್ತು, ಸಿನೆಮಾ, ಬಾನುಲಿ, ದೂರದರ್ಶನಗಳನ್ನು ಅದು ಅದ್ಭುತ ಸಾಧನಗಳೆಂದು ಕರೆಯಿತು. ನಮ್ಮ ಇಗರ್ಜಿಗಳ ಅಂಗಳದಲ್ಲಿ ತಪಸ್ಸುಕಾಲದ ಸಂಜೆಗಳಂದು ಪ್ರಭುವಿನ ಯಾತನೆಯ ಚಿತ್ರವನ್ನು ತೋರಿಸುತ್ತಿದ್ದುದನ್ನು ನೆನಪಿಡುವ ಹಿರಿಯರು ಇನ್ನೂ ಇದ್ದಾರೆ. ಆದರೆ ಅದು ನಮ್ಮವರ ನಡುವಿನ ಪ್ರದರ್ಶನ. ಇಡೀ ಊರು ಒಟ್ಟಾಗಿ ಕುಳಿತದ್ದು ಬೇರೆ ಕಡೆ.

ಬಯಲುಸೀಮೆಯ ಜಿಲ್ಲೆಗಳಲ್ಲಿ ಟೆಂಟ್ ಸಿನೆಮಾ ಒಂದು ದೊಡ್ಡ ವ್ಯವಸ್ಥೆಯಾಗಿಯೇ ಬೆಳೆಯಿತು. ನೆಲ, ಬೆಂಚು, ಕುರ್ಚಿ ಎಂದು ಕಾಸಿಗೆ ತಕ್ಕ ತರಗತಿಗಳಿದ್ದವು. ಆಟ ಶುರುವಾಗುವ ಮುನ್ನ ಧ್ವನಿವರ್ಧಕದಲ್ಲಿ ಹಾಕುವ ಭಕ್ತಿಗೀತೆಯೇ ಸುತ್ತಲಿನ ಹಳ್ಳಿಗಳಿಗೆ ಗಂಟೆ. ನಮ್ಮ ಕರಾವಳಿಯಲ್ಲಿ ಡೇರೆಯ ಮೋಹವನ್ನು ಬಹುಮಟ್ಟಿಗೆ ಯಕ್ಷಗಾನದ ಡೇರೆ ಮೇಳಗಳೇ ತೀರಿಸಿದವು. ಸಿನೆಮಾ ಹಳ್ಳಿಗೆ ಬಂದದ್ದು ಹೆಚ್ಚಾಗಿ ಸರಕಾರದ ವ್ಯಾನಿನಲ್ಲಿ. 1953ರಲ್ಲಿ ಆರಂಭವಾದ ಕೇಂದ್ರದ ಕ್ಷೇತ್ರ ಪ್ರಚಾರ ವಿಭಾಗವೂ ರಾಜ್ಯದ ವಾರ್ತಾ ಇಲಾಖೆಯೂ ಹದಿನಾರು ಮಿಲಿಮೀಟರಿನ ಪ್ರೊಜೆಕ್ಟರ್ ಹೊತ್ತು ತರುತ್ತಿದ್ದವು. ಮೊದಲು ಫಿಲ್ಮ್ಸ್ ಡಿವಿಜನ್‌ನ ಕಿರುಚಿತ್ರಗಳು: ಕುಟುಂಬ ಯೋಜನೆ, ಮಲೇರಿಯಾ, ಗೊಬ್ಬರ. ಜನ ಅವನ್ನು ಔಷಧಿಯಂತೆ ಸಹಿಸಿಕೊಂಡು ಕಥಾಚಿತ್ರಕ್ಕೆ ಕಾಯುತ್ತಿದ್ದರು. ಟಿಕೇಟಿಲ್ಲ, ತರಗತಿಯಿಲ್ಲ. ಸರಕಾರದ ಲೆಕ್ಕದಲ್ಲಿ ಎಲ್ಲರದೂ ನೆಲದ ಸೀಟು.

ನಾನು ‘ಚೋಮನ ದುಡಿ’ಯನ್ನು ನೋಡಿದ್ದು 1983ರ ಬೇಸಗೆಯಲ್ಲಿ, ಪೊಳಲಿಯಿಂದ ನಡೆದು ಹೋಗುವಷ್ಟು ದೂರದ ನಮ್ಮೂರಿನ ಗದ್ದೆಯಲ್ಲಿ. ಎರಡು ಅಡಿಕೆ ಮರದ ಕಂಬ, ನಡುವೆ ಬಿಗಿದ ಬಟ್ಟೆ. ಹೆಂಗಸರೂ ಮಕ್ಕಳೂ ಚಾಪೆ ಹಾಸಿ ಮುಂದೆ, ಗಂಡಸರು ಹಿಂದೆ, ಚರುಮುರಿ ಮಾರುವವನು ತನ್ನ ಸೀಮೆಎಣ್ಣೆಯ ದೀಪದೊಂದಿಗೆ ಒಂದು ಮೂಲೆಯಲ್ಲಿ. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ರೀಲು ಮುಗಿದಾಗಲೆಲ್ಲ ಕತ್ತಲು, ಕೂಗಾಟ, ಮತ್ತೆ ಬೆಳಕು. ಬಂಟರು, ಬಿಲ್ಲವರು, ಬ್ಯಾರಿಗಳು, ನಾವು ಕೊಂಕಣಿ ಕ್ರೈಸ್ತರು ಹೀಗೆ ಬೆರೆತು ಕುಳಿತದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಗುಡ್ಡದ ಬದಿಯ ಕಾಲನಿಯ ಜನ ಮಾತ್ರ ಗದ್ದೆಯೊಳಕ್ಕೆ ಬಂದಿರಲಿಲ್ಲ. ಬರಬೇಡಿರೆಂದು ಯಾರೂ ಹೇಳಿರಲಿಲ್ಲ, ಬನ್ನಿರೆಂದೂ ಹೇಳಿರಲಿಲ್ಲ. ಅವರು ಪರದೆಯ ಹಿಂಬದಿಯ ಹುಣಿಯ ಮೇಲೆ ಕುಳಿತಿದ್ದರು. ತೆಳ್ಳಗಿನ ಬಟ್ಟೆಯಾದ್ದರಿಂದ ಚಿತ್ರ ಆ ಕಡೆಗೂ ಕಾಣುತ್ತದೆ, ಆದರೆ ಎಡಬಲ ಅದಲುಬದಲಾಗಿ. ತಮ್ಮ ಕಥೆಯನ್ನು ಅವರು ತಿರುಗುಮುರುಗಾಗಿ ನೋಡಿದರು.

ಶಿವರಾಮ ಕಾರಂತರ ಈ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಸಂಸ್ಥೆಯನ್ನು ಕಟ್ಟಿ, ಜಾತಿಬಾಂಧವರ ಬಹಿಷ್ಕಾರವನ್ನು ಸಹಿಸಿ ದುಡಿದು 1928ರಲ್ಲಿ ತೀರಿಕೊಂಡಿದ್ದರು. ಆ ನೆಲದಿಂದಲೇ ಈ ಪುಸ್ತಕವೂ ಹುಟ್ಟಿತು. ಕಾರಂತರಿಗೆ ಸಿನೆಮಾ ಹೊಸದಾಗಿರಲಿಲ್ಲ. 1930ರ ಆಸುಪಾಸಿನಲ್ಲಿ ಅವರು ಸ್ವತಃ ಮೂಕಿ ಚಿತ್ರಗಳಿಗೆ ಕೈಹಾಕಿದ್ದರು, ಅವುಗಳಲ್ಲೊಂದರ ಹೆಸರು ‘ಡೊಮಿಂಗೊ’ ಎಂದಿತ್ತು. 1975ರಲ್ಲಿ ಚೋಮನನ್ನು ತೆರೆಗೆ ತಂದವರು ಬಿ.ವಿ. ಕಾರಂತರು. ಅವರು ಬಂಟ್ವಾಳ ತಾಲೂಕಿನ ಮಂಚಿಯವರು, ಪೊಳಲಿಯಿಂದ ಬಹುದೂರದವರೇನಲ್ಲ. ಬಾಲಕನಾಗಿ ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿ ರಂಗಭೂಮಿಯನ್ನೇ ಬದುಕಾಗಿಸಿಕೊಂಡವರು. ಕಪ್ಪುಬಿಳುಪಿನ ಈ ಚಿತ್ರಕ್ಕೆ ಆ ವರ್ಷದ ಸ್ವರ್ಣಕಮಲ ದೊರೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದಿತು. ಕನ್ನಡ ಚಿತ್ರವೊಂದರ ನಟನಿಗೆ ಆ ಗೌರವ ಸಂದದ್ದು ಅದೇ ಮೊದಲು.

ಚೋಮ ಮೂಲದಾಳು. ಕಾಡಿನಲ್ಲಿ ಸಿಕ್ಕಿದ ಎರಡು ಎತ್ತುಗಳಿವೆ, ಉಳಲು ಅಂಗೈಯಗಲ ನೆಲವಿಲ್ಲ. ಹೊಲೆಯನಾದವನು ಸ್ವಂತ ಬೇಸಾಯ ಮಾಡುವುದು ಆ ಕಾಲದ ಊರಿಗೆ ಸಲ್ಲದ ಮಾತು. ಸಾಲ ತೀರಿಸಲೆಂದು ಘಟ್ಟದ ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬ ಜ್ವರದಿಂದ ಸಾಯುತ್ತಾನೆ. ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಮನೆಗೆ ಹಿಂದಿರುಗುವುದಿಲ್ಲ. ಮಗಳು ಬೆಳ್ಳಿ ತೋಟದಲ್ಲಿ ಮಾನ ಕಳೆದುಕೊಳ್ಳುತ್ತಾಳೆ. ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದರೂ ಮುಟ್ಟಿ ಎತ್ತುವವರಿಲ್ಲ. ಆ ದೃಶ್ಯ ಬಂದಾಗ ನಮ್ಮ ಗದ್ದೆಯಲ್ಲಿ ಚರುಮುರಿಯವನ ಡಬ್ಬದ ಸದ್ದೂ ನಿಂತಿತ್ತು.

ನಮ್ಮವರಿಗೆ ನುಂಗಲಾರದ ತುತ್ತಾದದ್ದು ಬೇರೆ. ಬೆಳ್ಳಿಯನ್ನು ಕೆಡಿಸುವವರಲ್ಲಿ ತೋಟದ ರೈಟರ್ ಮನ್ವೇಲನೂ ಒಬ್ಬ, ಹೆಸರೇ ಹೇಳುವಂತೆ ಕ್ರೈಸ್ತ. ಇನ್ನು ಚೋಮನೋ, ಭೂಮಿ ಸಿಗುವುದಾದರೆ ಕ್ರೈಸ್ತನಾಗುತ್ತೇನೆಂದು ಹೊರಟೇಬಿಡುತ್ತಾನೆ. ಕೊನೆಗೆ ತನ್ನ ಭೂತ ಪಂಜುರ್ಲಿಯ ಮೇಲಣ ನಂಬಿಕೆ ಅವನನ್ನು ಹಿಂದಕ್ಕೆ ಎಳೆದು ತರುತ್ತದೆ. ಮರುದಿನ ನಮ್ಮ ಕೇರಿಯಲ್ಲಿ ಕೆಲವರು ಇದು ನಮ್ಮನ್ನು ಹೀನಾಯ ಮಾಡಲು ಬರೆದದ್ದೆಂದು ಸಿಟ್ಟಾದರು. ಆ ಸಿಟ್ಟು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ ಮತಾಂತರಗೊಂಡವರಿಗೆ ನೇಯ್ಗೆ, ಹಂಚಿನ ಕಾರ್ಖಾನೆಗಳಲ್ಲಿ ಕೆಲಸ ಕೊಟ್ಟದ್ದು ಚರಿತ್ರೆ. ಹಸಿದವನಿಗೆ ಸುವಾರ್ತೆಯೂ ಗಂಜಿಯೂ ಒಂದೇ ಬಾಗಿಲಿನಿಂದ ಬಂದಾಗ ಅವನ ಒಪ್ಪಿಗೆಯನ್ನು ಅಳೆಯುವುದು ಎಷ್ಟು ಕಷ್ಟವೆಂಬುದು ಕಾರಂತರಿಗೆ ತಿಳಿದಿತ್ತು. ಅವರು ಪಾದ್ರಿಯನ್ನು ರಾಕ್ಷಸನನ್ನಾಗಿ ಮಾಡಲಿಲ್ಲ, ಚೋಮನನ್ನು ಸಂತನನ್ನಾಗಿಯೂ ಮಾಡಲಿಲ್ಲ. ನೆಲಕ್ಕಾಗಿ ಆತ್ಮವನ್ನು ಒತ್ತೆಯಿಡಲಾರದೆ ಬರಿಗೈಯಲ್ಲಿ ಹಿಂದಿರುಗಿದ ಆ ಮುದುಕನ ಮನಸ್ಸಾಕ್ಷಿಯನ್ನು ಗೌರವಿಸಲು ಕ್ರೈಸ್ತ ದೇವಶಾಸ್ತ್ರವೇನೂ ಅಡ್ಡಿಯಲ್ಲ. ಸಿನೆಮಾ ಹುಟ್ಟಿ ನೂರು ವರ್ಷವಾದಾಗ, 1995ರಲ್ಲಿ, ವ್ಯಾಟಿಕನ್ 45 ಚಿತ್ರಗಳ ಪಟ್ಟಿಯೊಂದನ್ನು ಹೊರಡಿಸಿತು. ಸೈಕಲ್ ಕಳೆದುಕೊಂಡ ಕೂಲಿಕಾರನ ಕಥೆ ‘ಬೈಸಿಕಲ್ ಥೀವ್ಸ್’ ಅದರಲ್ಲಿದೆ. ನಮ್ಮ ಚೋಮ ಅದರಲ್ಲಿಲ್ಲ. ಆ ಕೂಲಿಕಾರನ ಪಕ್ಕದಲ್ಲಿ ಕೂರುವ ಯೋಗ್ಯತೆ ಅವನಿಗಿತ್ತು.

ಆದರೆ ಆ ರಾತ್ರಿ ಗದ್ದೆಯಲ್ಲಿದ್ದ ನಿಜವಾದ ಮಾತು ಮತಕ್ಕೆ ಸಂಬಂಧಿಸಿದ್ದಲ್ಲ, ಭೂಮಿಗೆ ಸಂಬಂಧಿಸಿದ್ದು. ದೇವರಾಜ ಅರಸರ ಸರಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ದಕ್ಷಿಣ ಕನ್ನಡದಲ್ಲಿ ಅದರ ಪರಿಣಾಮ ದೊಡ್ಡದು. ನಮೂನೆ ಏಳನ್ನು ತುಂಬಿ ಅರ್ಜಿ ಕೊಡುವುದನ್ನು ನಮ್ಮವರು ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಮಳೆಗಾಲದ ಮೊದಲು ಅಕ್ಕಿಮುಡಿ ಹೊತ್ತು ಧನಿಗಳ ಮನೆಯಂಗಳದಲ್ಲಿ ನಿಲ್ಲುತ್ತಿದ್ದ ಚಾಲಗೇಣಿ ಒಕ್ಕಲುಗಳು ಕೆಲವೇ ವರ್ಷಗಳಲ್ಲಿ ಪಟ್ಟಾದಾರರಾದರು. ನಮ್ಮ ಧರ್ಮಕೇಂದ್ರದ ಹೆಚ್ಚಿನ ಮನೆಗಳು ಆ ಸಾಲಿಗೆ ಸೇರಿದವು. ನನ್ನ ತಂದೆಯವರೂ ಹಾಗೆ ಭೂಮಿ ಪಡೆದವರೇ. ಅವರ ಮಕ್ಕಳು ಶಾಲೆಗೆ, ಬಳಿಕ ಮುಂಬಯಿಗೆ, ಕೊಲ್ಲಿಗೆ ಹೋದರು, ಒಬ್ಬಿಬ್ಬರು ಗುರುಮಠಕ್ಕೂ ಬಂದರು. ಈ ಎಲ್ಲದರ ಹಿಂದೆ ಆ ಒಂದು ಕಾನೂನಿದೆಯೆಂಬುದನ್ನು ನಮ್ಮ ಕುಟುಂಬ ಚರಿತ್ರೆಗಳಲ್ಲಿ ಬರೆಯುವವರು ಕಡಿಮೆ.

ಕಾನೂನು ಉಳುವವನನ್ನು ಒಡೆಯನನ್ನಾಗಿ ಮಾಡಿತೆಂದು ಹೇಳುತ್ತೇವೆ. ಕಾಗದದಲ್ಲಿ ಉಳುವವನೆಂದರೆ ಗೇಣಿದಾರ. ಅವನ ಗದ್ದೆಯಲ್ಲಿ ಕೋಣ ಹೂಡಿದವನು, ನೇಜಿ ನೆಟ್ಟವಳು, ಕೊಯ್ದು ಹೊರೆ ಹೊತ್ತವರು ಗೇಣಿದಾರರಾಗಿರಲಿಲ್ಲ. ಕೃಷಿಕಾರ್ಮಿಕನಿಗೆ ತಾನು ವಾಸವಾಗಿದ್ದ ಗುಡಿಸಲಿನ ನೆಲದ ಹಕ್ಕನ್ನು ಕಾನೂನು ಕೊಟ್ಟಿತು; ಬೇಸಾಯದ ನೆಲದ ಮಾತು ಬಂದಾಗ ಅವನ ಹೆಸರು ಎಲ್ಲಿಯೂ ಬರೆದಿರಲಿಲ್ಲ.

ಚಿತ್ರ ನೋಡಿದ ಎರಡು ಮೂರು ದಿನಗಳ ಬಳಿಕ, ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಕಾಲನಿಯ ಹಿರಿಯನೊಬ್ಬ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಅಂಗಳದಲ್ಲಿ ಕುಳಿತು ತಂದೆಯವರನ್ನು ಕೇಳಿದ: “ಪೊರ್ಬುಲೇ, ಆ ಚೋಮ ಈಗ ಇರುತ್ತಿದ್ದರೆ ಡಿಕ್ಲರೇಶನ್ ಕೊಡಬಹುದಿತ್ತೇ?” ತುಳುನಾಡಿನಲ್ಲಿ ಕ್ರೈಸ್ತರನ್ನು ಕರೆಯುವ ಹೆಸರು ಅದು, ಪ್ರಭು ಎಂಬುದರ ರೂಪ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, “ಗೇಣಿ ಕೊಟ್ಟ ಚೀಟಿ ಬೇಕಲ್ಲ ಮಾರಾಯ, ಅವನ ಹತ್ತಿರ ಎಲ್ಲಿತ್ತು?” ಎಂದರು. ಆತ ತಲೆಯಾಡಿಸಿ, “ಹಾಗಾದರೆ ದುಡಿ ಬಾರಿಸಿದ್ದೇ ಸರಿ” ಎಂದು ಗಂಜಿಯ ಬಟ್ಟಲನ್ನು ತೊಳೆಯಲು ಎದ್ದ.

ಬಯಲು ಪ್ರದರ್ಶನಗಳು ಮುಂದೆ ಬಹಳ ಕಾಲ ಉಳಿಯಲಿಲ್ಲ. ದೂರದರ್ಶನ ಬಂದಿತು, ಬಾಡಿಗೆಯ ವೀಡಿಯೋ ಬಂದಿತು, ಭಾನುವಾರದ ಸಿನೆಮಾಕ್ಕೆ ಟಿವಿಯಿರುವ ಮನೆಯ ಜಗಲಿ ಸಾಕಾಯಿತು. ಆ ಜಗಲಿಗೆ ಯಾರು ಬರಬಹುದೆಂಬುದನ್ನು ಮನೆಯವರು ನಿರ್ಧರಿಸುತ್ತಿದ್ದರು. ಕ್ಷೇತ್ರ ಪ್ರಚಾರ ವಿಭಾಗವನ್ನು 2017ರಲ್ಲಿ ಬೇರೆ ಪ್ರಚಾರ ಶಾಖೆಗಳೊಂದಿಗೆ ವಿಲೀನಗೊಳಿಸಲಾಯಿತು. ಬಿ.ವಿ. ಕಾರಂತರೂ ವಾಸುದೇವರಾಯರೂ 2002ರಲ್ಲಿ ತೀರಿಕೊಂಡರು. ಭತ್ತದ ಬೇಸಾಯ ಕೈಕಚ್ಚಲು ಆರಂಭವಾದಾಗ ಗದ್ದೆಗಳಿಗೆ ಮಣ್ಣು ತುಂಬಿಸಿ ಅಡಿಕೆ ಹಾಕಿದರು. ಪರದೆ ಕಟ್ಟಿದ್ದ ನಮ್ಮೂರಿನ ಆ ಗದ್ದೆಯೂ ಈಗ ತೋಟ, ಹನಿ ನೀರಾವರಿಯ ಕೊಳವೆಗಳು ಸಾಲಾಗಿ ಮಲಗಿವೆ. ಪರದೆಯ ಹಿಂಬದಿಗಿದ್ದ ಹುಣಿಯಿಂದಾಚೆ ಕಾಲನಿ ಇದ್ದಲ್ಲಿಯೇ ಇದೆ. ಮನೆಯೊಂದಕ್ಕೆ ಐದು ಸೆಂಟ್ಸಿನ ಲೆಕ್ಕದಲ್ಲಿ ಅಂದು ಸಿಕ್ಕಿದ ನಿವೇಶನಗಳಲ್ಲಿ ಈಗ ಅಣ್ಣತಮ್ಮಂದಿರು ಎರಡೆರಡು ಮನೆ ಕಟ್ಟಿಕೊಂಡಿದ್ದಾರೆ, ಒಂದರ ಸೂರಿನ ನೀರು ಇನ್ನೊಂದರ ಗೋಡೆಗೆ ಬೀಳುತ್ತದೆ.