ಅಡಿಗೆಮನೆಯ ಶುಚಿದ್ರವ್ಯಗಳು: ಒಂದು ಚಾರಿತ್ರಿಕ ನೋಟ

ಚರಿತ್ರೆಯೆಂದೊಡನೆ ರಾಜರ ಪಟ್ಟಾಭಿಷೇಕ, ಕೋಟೆಗಳ ಮುತ್ತಿಗೆ, ದಾನಶಾಸನ ಇವೇ ನಮ್ಮ ನೆನಪಿಗೆ ಬರುವುದು ವಾಡಿಕೆ. ಆದರೆ ಒಂದೊಂದು ಮನೆಯಲ್ಲಿಯೂ ದಿನದಿನವೂ ತಪ್ಪದೆ ನಡೆದುಬಂದಿರುವ ಕೆಲಸಗಳಿಗೂ ಚರಿತ್ರೆಯುಂಟು. ಅದನ್ನು ಬರೆದಿಟ್ಟವರು ಮಾತ್ರ ಕಡಮೆ. ಪಾತ್ರೆ ಬೆಳಗುವುದು, ನೆಲ ಸಾರಿಸುವುದು, ಬಟ್ಟೆ ಒಗೆಯುವುದು, ಈ ಮೂರು ಕೆಲಸಗಳಿಗೆ ನಮ್ಮ ಹಿರಿಯರು ಅಂಗಡಿಗೆ ಹೋಗುತ್ತಿರಲಿಲ್ಲ. ಒಲೆಯ ಬೂದಿ, ಡಬ್ಬಿಯ ಹುಣಸೆಹಣ್ಣು, ಹಿತ್ತಿಲ ನಿಂಬೆ, ಅಟ್ಟದ ಮೇಲಿನ ಅಂಟುವಾಳ ಮತ್ತು ಸೀಗೆ, ಇಷ್ಟರಲ್ಲಿಯೇ ಮನೆಯ ಶುಚಿ ನಡೆದುಹೋಗುತ್ತಿತ್ತು. ಈಗ ಆ ವಸ್ತುಗಳ ಮೇಲೆ ಜನರಿಗೆ ಮತ್ತೆ ಮಮತೆ ಹುಟ್ಟಿದೆ. ಮಮತೆ ಒಳ್ಳೆಯದೇ. ಆದರೆ ಅದು ತಿಳಿವಳಿಕೆಯೊಡನೆ ಕೂಡಿರಬೇಕು. ಆದುದರಿಂದ ಈ ದ್ರವ್ಯಗಳು ಎಲ್ಲಿಂದ ಬಂದುವು, ಏನು ಮಾಡಬಲ್ಲವು, ಏನು ಮಾಡಲಾರವು, ಅವನ್ನು ಹಿಡಿದು ದುಡಿದ ಕೈಗಳು ಯಾರವು ಎಂಬುದನ್ನು ತಮ್ಮ ಮುಂದೆ ಅರಿಕೆ ಮಾಡುವುದು ಈ ಭಾಷಣದ ಉದ್ದೇಶ.

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡೋಣ. ಇಂಗ್ಲಿಷಿನವರು ಬಹುಮಟ್ಟಿಗೆ ಒಂದೇ ಮಾತಿನಲ್ಲಿ ಮುಗಿಸುವ ಕೆಲಸಕ್ಕೆ ಕನ್ನಡದಲ್ಲಿ ಎಷ್ಟು ಕ್ರಿಯಾಪದಗಳಿವೆ! ಗುಡಿಸುವುದು ಬೇರೆ, ಒರೆಸುವುದು ಬೇರೆ. ತೊಳೆಯುವುದು ಬೇರೆ, ಒಗೆಯುವುದು ಬೇರೆ. ಉಜ್ಜುವುದು, ತಿಕ್ಕುವುದು, ಸಾರಿಸುವುದು ಒಂದೊಂದೂ ಬೇರೆ. ಪಾತ್ರೆಯ ವಿಷಯದಲ್ಲಂತೂ ನಾವು ‘ಬೆಳಗುವುದು’ ಎನ್ನುತ್ತೇವೆ. ಕೊಳೆ ಹೋದರೆ ಸಾಲದು, ಲೋಹಕ್ಕೆ ಅದರ ಬೆಳಕು ಹಿಂದಿರುಗಬೇಕು ಎಂಬ ಭಾವ ಆ ಮಾತಿನಲ್ಲಿದೆ. ಇಷ್ಟು ಪದಗಳು ಉಳಿದಿರುವುದರಿಂದಲೇ ಇದು ಬಗೆಬಗೆಯ ವಸ್ತುಗಳಿಗೆ ಬಗೆಬಗೆಯ ವಿಧಾನಗಳಿದ್ದ ವಿದ್ಯೆಯಾಗಿತ್ತೆಂದು ಊಹಿಸಬಹುದು.

ಈ ವಿದ್ಯೆಗೆ ಲಿಖಿತ ಆಧಾರವೂ ಉಂಟು. ಧರ್ಮಶಾಸ್ತ್ರಗಳಲ್ಲಿ ‘ದ್ರವ್ಯಶುದ್ಧಿ’ ಎಂಬುದೊಂದು ಪ್ರಕರಣ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿಯೂ ಯಾವ ವಸ್ತುವನ್ನು ಯಾವುದರಿಂದ ಶುದ್ಧಿಮಾಡಬೇಕೆಂಬ ವಿವರ ಬರುತ್ತದೆ. ತಾಮ್ರ, ತವರ, ಸೀಸಗಳಿಗೆ ಕ್ಷಾರ, ಹುಳಿ ಮತ್ತು ನೀರು, ಕಂಚಿಗೆ ಬೂದಿ ಮತ್ತು ನೀರು, ಉಣ್ಣೆ ಮತ್ತು ರೇಷ್ಮೆಗೆ ಸವುಳು ಮಣ್ಣು, ಆಡಿನ ಕೂದಲಿನ ಕಂಬಳಿಗೆ ಅರಿಷ್ಟ, ಎಂದರೆ ನಮ್ಮ ಅಂಟುವಾಳ, ನಾರುಮಡಿಗೆ ಬಿಳಿಸಾಸಿವೆ, ನವುರಾದ ವಸ್ತ್ರಕ್ಕೆ ಬಿಲ್ವದ ಕಾಯಿ. ಸುಮಾರು ಸಾವಿರದ ಐನೂರು ವರ್ಷಗಳಿಗೂ ಹಿಂದಿನ ಈ ಪಟ್ಟಿಯಲ್ಲಿರುವ ಸಾಮಗ್ರಿಗಳಲ್ಲಿ ಅರ್ಧದಷ್ಟನ್ನು ನಮ್ಮ ಅಜ್ಜಿಯರ ಅಡಿಗೆಮನೆಯಲ್ಲಿಯೇ ಕಾಣಬಹುದಾಗಿತ್ತು.

ಇದರಲ್ಲಿ ಕನ್ನಡನಾಡಿಗೆ ಒಂದು ವಿಶೇಷ ಸಂಬಂಧವಿದೆ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರ ನಡುವೆ, ಕಲ್ಯಾಣದಲ್ಲಿ ಇದ್ದವನು. ದಾಯಭಾಗದ ವಿಷಯದಲ್ಲಿ ನ್ಯಾಯಸ್ಥಾನಗಳು ಪ್ರಮಾಣವಾಗಿ ಹಿಡಿದ ಆ ಗ್ರಂಥದಲ್ಲಿ ಪಾತ್ರೆ ಬಟ್ಟೆಗಳ ಶುದ್ಧಿಯ ಪ್ರಕರಣವೂ ಸೇರಿದೆಯೆಂಬುದನ್ನು ನಾವು ಮರೆತಿದ್ದೇವೆ.

ಈ ವಿಧಿಗಳನ್ನು ರಸಾಯನಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಿದರೆ ಅನೇಕವು ನಿಲ್ಲುತ್ತವೆ. ಗಾಳಿ ತೇವಗಳಿಂದ ತಾಮ್ರದ ಮೇಲೆ ಕಂದುಬಣ್ಣದ ಪೊರೆಯೂ ಹಸಿರು ಕಿಲುಬೂ ಕಟ್ಟುತ್ತವೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ಇವೆ. ಇವು ಆ ಪೊರೆಯನ್ನು ಕರಗಿಸುತ್ತವೆ, ಒಳಗಿನ ಲೋಹಕ್ಕೆ ಹೆಚ್ಚು ಹಾನಿ ಮಾಡುವುದಿಲ್ಲ. ಉಪ್ಪು ಬೆರೆತರೆ ಕೆಲಸ ಇನ್ನೂ ಬೇಗ. ಜಿಡ್ಡಿಗೆ ಹುಳಿಯಿಂದ ಪ್ರಯೋಜನವಿಲ್ಲ. ಅಲ್ಲಿ ಕ್ಷಾರ ಬೇಕು. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಅದು ಎಣ್ಣೆಯ ಅಂಶದೊಡನೆ ಸೇರಿ ಅಲ್ಲಿಯೇ ಅಷ್ಟಿಷ್ಟು ಸಾಬೂನಾಗುತ್ತದೆ. ಬೂದಿಯ ನಯವಾದ ಕಣಗಳು ತಿಕ್ಕುವುದಕ್ಕೂ ಒದಗುತ್ತವೆ. ಅಂಟುವಾಳ ಸೀಗೆಗಳಲ್ಲಿ ಸ್ಯಾಪೊನಿನ್ ಎಂಬ ನೊರೆಯ ದ್ರವ್ಯವುಂಟು. ಅದು ಬೂದಿಯಂತೆ ತೀಕ್ಷ್ಣವಲ್ಲ. ಆದುದರಿಂದಲೇ ರೇಷ್ಮೆ ಸೀರೆಗೂ ಚಿನ್ನದ ಒಡವೆಗೂ ಅಂಟುವಾಳವೇ ರೂಢಿಯಾಯಿತು. ಆ ಮರದ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ‘ಸ್ಯಾಪಿಂಡಸ್’ ಎಂಬ ಹೆಸರಿಗೆ ‘ಹಿಂದೂದೇಶದ ಸಾಬೂನು’ ಎಂದೇ ಅರ್ಥ.

ಇಷ್ಟನ್ನು ಕೇಳಿ ನಮ್ಮ ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಹಿಗ್ಗುವ ಮುನ್ನ ಒಂದು ಮಾತನ್ನು ವಿವೇಚಿಸಬೇಕು. ಶಾಸ್ತ್ರದ ‘ಶುದ್ಧಿ’ಯೂ ನಾವು ಹೇಳುವ ‘ಶುಚಿ’ಯೂ ಒಂದೇ ಅಲ್ಲ. ಕಣ್ಣಿಗೆ ಕೊಳೆಯೇ ಕಾಣದ ಪಾತ್ರೆಯೂ ಮುಟ್ಟಿದವರು ಯಾರೆಂಬುದರ ಮೇಲೆ ಅಶುದ್ಧವಾಗುತ್ತಿತ್ತು. ಕೊಳೆಯನ್ನು ಕಳೆಯುವ ವಿದ್ಯೆ ಮತ್ತು ಮನುಷ್ಯರನ್ನು ದೂರವಿಡುವ ಕಟ್ಟಳೆ ಒಂದೇ ಪ್ರಕರಣದಲ್ಲಿ ಹೆಣೆದುಕೊಂಡಿವೆ. ವಿಜ್ಞಾನೇಶ್ವರನು ಬರೆದ ಕೆಲವು ದಶಕಗಳಲ್ಲಿಯೇ, ಅದೇ ಕಲ್ಯಾಣ ಪಟ್ಟಣದಲ್ಲಿ, ಬಸವಣ್ಣನವರ ಸಮಕಾಲೀನನಾಗಿ ಮಡಿವಾಳ ಮಾಚಿದೇವನೆಂಬ ಶರಣನಿದ್ದನು. ಬಟ್ಟೆ ಒಗೆಯುವುದು ಅವನ ಕಾಯಕ, ವಚನಗಳನ್ನೂ ಬರೆದನು. ಶುದ್ಧಿಯ ವಿಧಿಯನ್ನು ವಿವರಿಸಿದವನು ಒಬ್ಬ, ನೀರಿನಲ್ಲಿ ನಿಂತು ಅದನ್ನು ನಡೆಸಿದವನು ಮತ್ತೊಬ್ಬ. ಊರಿಗೆಲ್ಲ ಮಡಿಯನ್ನು ಒದಗಿಸುವವನನ್ನೇ ಮಡಿಯಿಂದ ಹೊರಗಿಟ್ಟ ಸಮಾಜದಲ್ಲಿ, ಶರಣರು ಆ ಕಾಯಕಕ್ಕೆ ಗೌರವದ ಸ್ಥಾನವನ್ನು ಕೊಟ್ಟರು. ಶುಚಿಯ ಚರಿತ್ರೆಯಲ್ಲಿ ಇದು ಚಿಕ್ಕ ಸಂಗತಿಯಲ್ಲ.

ಅಗಸರ ಮುಖ್ಯ ಸಾಧನವಾಗಿದ್ದ ಸವುಳು ಮಣ್ಣು ಸೋಡಾಕ್ಷಾರ ತುಂಬಿದ ಮಣ್ಣು. 1800 ಮತ್ತು 1801ನೆಯ ಇಸವಿಗಳಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, 1807ರಲ್ಲಿ ತನ್ನ ಪ್ರವಾಸವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ನನು ಮತ್ತೋಡಿನಲ್ಲಿ ನೆಲದ ಸೋಡಾದಿಂದ ಗಾಜಿನ ಬಳೆ ಮಾಡುತ್ತಿದ್ದುದನ್ನು ವರ್ಣಿಸಿದ್ದಾನೆ. ಬಟ್ಟೆಗೆ ಒದಗುವ ಕ್ಷಾರವೇ ಬಳೆಗೂ ಒದಗುತ್ತಿತ್ತು. ‘ಆಲ್ಕಲಿ’ ಎಂಬ ಪಾಶ್ಚಾತ್ಯ ಶಬ್ದವೂ ಗಿಡಗಳ ಬೂದಿಯನ್ನು ಸೂಚಿಸುವ ಅರಬ್ಬಿ ಮಾತಿನಿಂದ ಬಂದುದೇ. ಬೂದಿಯ ವಿದ್ಯೆ ಯಾವ ಒಂದು ನಾಡಿನ ಸೊತ್ತೂ ಅಲ್ಲ.

ಸಾಬೂನಿನ ಮಾತಿಗೆ ಬರೋಣ. ಕೊಬ್ಬನ್ನೂ ಬೂದಿಯನ್ನೂ ಸೇರಿಸಿ ಗಾಲ್ ದೇಶದವರು ಒಂದು ಲೇಪವನ್ನು ಮಾಡುತ್ತಿದ್ದರೆಂದು ರೋಮಿನ ಪ್ಲಿನಿಯು ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿಯೇ ಹೇಳಿದ್ದಾನೆ. ಆದರೆ ಅದು ಕೂದಲಿಗೆ ಕೆಂಪುಬಣ್ಣ ಬರಿಸುವುದಕ್ಕೆ! ಯೂರೋಪಿನಲ್ಲಿಯೂ ಸಾಬೂನು ಬಹುಕಾಲ ಎಲ್ಲರ ಕೈಗೆ ಎಟುಕಲಿಲ್ಲ. ಇಂಗ್ಲೆಂಡಿನಲ್ಲಿ 1712ರಿಂದ 1853ರ ವರೆಗೆ ಅದರ ಮೇಲೆ ಸುಂಕವಿತ್ತು. 1791ರಲ್ಲಿ ಫ್ರಾನ್ಸಿನ ಲೆಬ್ಲಾಂಕ್ ಎಂಬಾತನು ಅಡಿಗೆಯ ಉಪ್ಪಿನಿಂದ ಸೋಡಾ ಮಾಡುವ ಕ್ರಮಕ್ಕೆ ಹಕ್ಕುಪತ್ರ ಪಡೆದ ಮೇಲೆ ಕ್ಷಾರಕ್ಕಾಗಿ ಬೂದಿಯನ್ನು ನೆಚ್ಚಬೇಕಾದ ಕಾಲ ಕಳೆಯತೊಡಗಿತು. ಒಲೆಯಲ್ಲಿ ಹುಟ್ಟುತ್ತಿದ್ದ ಕ್ಷಾರ ಕಾರ್ಖಾನೆಯಲ್ಲಿ ಹುಟ್ಟಿತು.

ಮೈಸೂರು ಸಂಸ್ಥಾನವೂ ಈ ಪ್ರವಾಹಕ್ಕೆ ಸೇರಿತು. 1914ರ ಮಹಾಯುದ್ಧದಿಂದ ಗಂಧದ ಮರಕ್ಕೆ ಯೂರೋಪಿನ ಮಾರುಕಟ್ಟೆ ತಪ್ಪಲು, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯೂ ಸ್ಥಾಪಿತವಾದುವು. ಅಂಗಡಿಯಿಂದ ಕೊಂಡುತರುವ ಶುಚಿಯು ನಮ್ಮ ನಾಡಿನಲ್ಲಿ ಮರ್ಯಾದೆಯ ಗುರುತಾದುದು ಈ ಕಾಲದಿಂದೀಚೆಗೆ.

ಇದಕ್ಕೂ ಸ್ವಲ್ಪ ಮುಂಚೆ ಇನ್ನೊಂದು ಘಟನೆ ನಮ್ಮ ಶುಚಿಯ ಕಲ್ಪನೆಯನ್ನೇ ಅಲುಗಿಸಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಮನೆಗಳಿಗೆ ಸುಣ್ಣ ಹೊಡೆಸುವುದು, ಪಾದರಸದ ಲವಣ ಬೆರೆಸಿದ ನೀರನ್ನು ಗೋಡೆ ನೆಲಗಳಿಗೆ ಚಿಮುಕಿಸುವುದು ಆ ಕಾಲದಲ್ಲಿ ಭಾರತದ ಅಧಿಕಾರಿಗಳು ಹಿಡಿದ ಕ್ರಮ. ಆದರೆ ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಪ್ಲೇಗನ್ನು ಹರಡುವುದು ಇಲಿಗಳ ಮೈಮೇಲಿನ ಚಿಗಟವೆಂದು ತೋರಿಸಿದನು. ಗೋಡೆಗೆ ಎರಚಿದ ವಿಷಕ್ಕಿಂತ ಇಲಿ ನುಗ್ಗದ ಉಗ್ರಾಣವೂ ಕಾಳು ಚೆಲ್ಲದ ನೆಲವೂ ಹೆಚ್ಚಿನ ರಕ್ಷಣೆಯಾಗಿದ್ದುವು. ಹಳೆಯದನ್ನಾಗಲಿ ಹೊಸದನ್ನಾಗಲಿ, ಕಾರಣ ತಿಳಿಯದೆ ನೆಚ್ಚಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹುಣಸೆಯಿಂದ ಬೆಳಗಿದ ತಂಬಿಗೆ ಹೊಳೆಯುತ್ತದೆ. ಆ ಹೊಳಪು ಒಳಗಿನ ನೀರಿನ ಕ್ರಿಮಿಗಳನ್ನು ಕೊಲ್ಲುವುದಿಲ್ಲ. ತಾಮ್ರದ ಬಿಂದಿಗೆಯಲ್ಲಿ 16 ಗಂಟೆಗಳ ಕಾಲ ನೀರನ್ನಿಟ್ಟರೆ ಭೇದಿಯನ್ನುಂಟುಮಾಡುವ ಕೆಲವು ಬಗೆಯ ಕ್ರಿಮಿಗಳು ಸಾಯುವುವೆಂದು 2012ರಲ್ಲಿ ಬೆಂಗಳೂರಿನ ಸಂಶೋಧಕರು ತೋರಿಸಿರುವುದು ನಿಜ. ಆ ಗುಣ ತಾಮ್ರದ್ದು, ಹುಣಸೆಯದಲ್ಲ. ಹಾಗೆಯೇ ಸಗಣಿಯು ಮಣ್ಣಿನ ನೆಲದ ಧೂಳನ್ನು ಹಿಡಿದು ಕೂರಿಸುತ್ತದೆ. ಆದರೆ ಧನುರ್ವಾಯುವಿನ ಬೀಜಾಣು ಅದರಲ್ಲಿ ಇರಬಹುದಾದುದರಿಂದ ಗಾಯಕ್ಕಾಗಲಿ ಹಸುಗೂಸಿನ ಹೊಕ್ಕುಳಿಗಾಗಲಿ ಅದು ಸೋಕಲಾಗದು.

ಕಾರ್ಖಾನೆಯ ಕಡೆಯ ಲೆಕ್ಕವನ್ನೂ ನೋಡಬೇಡವೆ? 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಎಂಬ ಒಗೆಯುವ ಪುಡಿಗಳು ನಮ್ಮ ದೇಶದ ಪೇಟೆಗೆ ಬಂದುವು. ಕೈಗಳಿಗೆ ಶ್ರಮ ತಗ್ಗಿತು, ಗಡುಸು ನೀರಿನಲ್ಲಿಯೂ ನೊರೆ ಎದ್ದಿತು. ಆ ನೊರೆ ಎಲ್ಲಿಗೆ ಹೋಗುತ್ತದೆಂದು ಮಾತ್ರ ಯಾರೂ ಕೇಳಲಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಸಂಸ್ಕಾರವಿಲ್ಲದ ಕೊಳಚೆನೀರೂ ಅದರೊಡನೆ ಮನೆಮನೆಯ ನೊರೆದ್ರವ್ಯಗಳೂ ಹರಿದು, ಬಿಳಿಯ ನೊರೆ ಗಾಳಿಗೆ ಹಾರಿ ರಸ್ತೆಯ ಮೇಲೆ ಬಿದ್ದುದನ್ನೂ, 2015ರಲ್ಲಿ ಆ ಕೆರೆಗೆ ಬೆಂಕಿ ಹತ್ತಿದುದನ್ನೂ ಲೋಕವೆಲ್ಲ ನೋಡಿತು. ನಮ್ಮ ಅಂಗಳದ ಬಿಳುಪನ್ನು ಊರ ಕೆರೆಯ ಕೊಳೆಯಾಗಿ ಸಾಗಹಾಕಿದರೆ ಅದು ಶುಚಿಯಲ್ಲ. ಕೊಳೆಯ ವಿಳಾಸ ಬದಲಾಯಿತು, ಅಷ್ಟೆ.

ಆದುದರಿಂದ ಹಳೆಯ ದ್ರವ್ಯಗಳ ಕಡೆಗೆ ಜನ ಹಿಂದಿರುಗುವುದು ಯುಕ್ತವೇ. ಹಿಂದಿರುಗುವಾಗ ಕೆಲವು ಎಚ್ಚರಿಕೆಗಳು ಬೇಕು. ಹುಳಿಯನ್ನೂ ಸೋಡಾವನ್ನೂ ಒಟ್ಟಿಗೆ ಬೆರೆಸಿದರೆ ಬುರುಗೇಳುತ್ತದೆ, ನೋಡುವುದಕ್ಕೆ ಚೆನ್ನ. ಆದರೆ ಒಂದರ ಶಕ್ತಿಯನ್ನು ಇನ್ನೊಂದು ನುಂಗಿಹಾಕುತ್ತದೆ. ಕಿಲುಬಿಗೆ ಹುಳಿ, ಜಿಡ್ಡಿಗೆ ಕ್ಷಾರ, ನಡುವೆ ನೀರು ಎಂಬ ಹಳೆಯ ಕ್ರಮವೇ ಸರಿ. ಅಮೃತಶಿಲೆ ಮತ್ತು ಕಡಪಕಲ್ಲುಗಳ ಮೇಲೆ ಹುಳಿ ಬಿದ್ದರೆ ಕಲ್ಲೇ ಸವೆಯುತ್ತದೆ. ಕಲಾಯಿ ಹಾಕಿದ ಪಾತ್ರೆಯ ಒಳಗನ್ನು ಬೂದಿಯಿಂದ ಬಲವಾಗಿ ತಿಕ್ಕಿದರೆ ತವರ ಹೋಗಿ ತಾಮ್ರ ಹೊರಬೀಳುತ್ತದೆ. ಆಮೇಲೆ ಅದರಲ್ಲಿ ಸಾರು ಮಾಡುವುದು ಅಪಾಯ. ಬಟ್ಟೆ ಬಿಳಿಮಾಡುವ ಕ್ಲೋರಿನ್ ದ್ರಾವಣಕ್ಕೆ ನಿಂಬೆರಸವನ್ನಾಗಲಿ ವಿನಿಗರನ್ನಾಗಲಿ ಎಂದಿಗೂ ಬೆರೆಸಬಾರದು, ವಿಷವಾಯು ಹೊರಡುತ್ತದೆ. ಗಿಡಮರಗಳಿಂದ ಬಂದುದೆಲ್ಲ ನಿರಪಾಯವೆಂಬ ನಂಬಿಕೆಯೂ ಬೇಡ. ಅಂಟುವಾಳದ ನೊರೆ ಮೀನಿಗೆ ವಿಷ. ಬೇಗನೆ ಕೊಳೆತು ಮಣ್ಣಿಗೆ ಸೇರಿಹೋಗುವುದೆಂಬುದೇ ಅದರ ದೊಡ್ಡ ಗುಣ.

ಕೊನೆಯದಾಗಿ ಒಂದು ಮಾತು. ಬೂದಿ ಹುಣಸೆಗಳನ್ನು ಕೊಂಡಾಡುವ ನಾವು ಅವನ್ನು ಹಿಡಿದು ಬಾವಿಕಟ್ಟೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತವರನ್ನು ಮರೆಯಲಾಗದು. ಮನೆಯ ಹೆಂಗಸರು, ಕೆಲಸದ ಹೆಣ್ಣುಮಕ್ಕಳು, ಹೊಳೆಯ ದಂಡೆಯ ಮಡಿವಾಳರು, ಇವರ ತೋಳುಗಳ ಬಲವೇ ಆ ದ್ರವ್ಯಗಳ ಅರ್ಧ ಗುಣವಾಗಿತ್ತು. ಕ್ಷಾರದಿಂದ ಬಿರಿದ ಅವರ ಅಂಗೈಗಳ ಮಾತು ಯಾವ ಸ್ಮೃತಿಯ ದ್ರವ್ಯಶುದ್ಧಿ ಪ್ರಕರಣದಲ್ಲಿಯೂ ಬರುವುದಿಲ್ಲ. ಹಳೆಯ ಪದ್ಧತಿಯನ್ನು ಮನೆಗೆ ಮರಳಿ ತರಬೇಕೆನ್ನುವ ಗಂಡಸರು ಅದರ ಜೊತೆಗೆ ತೆಂಗಿನ ನಾರನ್ನು ತಾವೂ ಕೈಗೆ ತೆಗೆದುಕೊಳ್ಳುವುದು ನ್ಯಾಯ. ಹಾಗಲ್ಲದೆ, ಕೆರೆಯ ಮೇಲಿನ ಭಾರವನ್ನು ಇಳಿಸಿ ಹೆಂಗಸರ ತೋಳಿನ ಮೇಲೆ ಹೊರಿಸಿದಂತಾದೀತು. ದುಡಿಮೆಯನ್ನು ಹಂಚಿಕೊಂಡು, ಕಾರಣವನ್ನು ಅರಿತು, ನೆರೆಯವರ ನೀರನ್ನು ಕೆಡಿಸದೆ ನಡೆಸುವ ಶುಚಿಯೇ ಮನೆಗೂ ನಾಡಿಗೂ ಒಪ್ಪುವ ಶುಚಿ.